ಲಾರಿ ಪ್ಲೇಟು ವೆಲ್ಡಿಂಗ್ ಪಕ್ಕದಲ್ಲೇ ಯಾಕೆ ಮುರೀತು?

ಪ್ರಶ್ನೆ (ತಿಪಟೂರು ಕಡೆಯಿಂದ): ಅಣ್ಣಾ, ತೆಂಗಿನಕಾಯಿ ಸುಲಿಯೋಕೆ ನೆಲಕ್ಕೆ ನೆಡೋ ಮೊನೆ ಮಾಡಿಸಿದ್ದೆ. ಗುಜರಿಯಲ್ಲಿ ಸಿಕ್ಕ ಲಾರಿ ಸ್ಪ್ರಿಂಗ್ ಪ್ಲೇಟನ್ನ ಚೂಪು ಮಾಡಿ ಎಂ.ಎಸ್. (ಮೈಲ್ಡ್ ಸ್ಟೀಲ್, ಮಾಮೂಲಿ ಮೆತ್ತನೆ ಕಬ್ಬಿಣ) ಪೈಪಿಗೆ ವೆಲ್ಡ್ ಹೊಡೆದರು. ನಲವತ್ತು ಕಾಯಿ ಆಗೋಷ್ಟರಲ್ಲಿ ಟಕ್ ಅಂತ ಮುರೀತು. ಬೆಸುಗೆ ಬಿಟ್ಟಿಲ್ಲ, ಅದರ ಪಕ್ಕಕ್ಕೆ ಪ್ಲೇಟೇ ತುಂಡಾಗಿದೆ. ಎರಡೂ ಕಬ್ಬಿಣ ತಾನೇ?

ಉತ್ತರ (ತುಮಕೂರು, ಫ್ಯಾಬ್ರಿಕೇಶನ್ ಶೆಡ್): ವೆಲ್ಡ್ ಆದಮೇಲೆ ನೀರಿಗೆ ಹಾಕಿದ್ರಾ?

ಪ್ರಶ್ನೆ: ಹೂಂ, ಬಿಸಿ ಇತ್ತು ಅಂತ ಬಕೆಟ್‌ಗೆ ಅದ್ದಿದರು.

ಉತ್ತರ: ಕೆಟ್ಟಿದ್ದೇ ಅಲ್ಲಿ. ಎಂ.ಎಸ್.ನಲ್ಲಿ ಇಂಗಾಲ ಹೆಚ್ಚೆಂದರೆ 0.25%. ಅದನ್ನ ಹೇಗೆ ಆರಿಸಿದರೂ ಹೆಚ್ಚು ಕಮ್ಮಿ ಮೆತ್ತಗೇ ಇರುತ್ತೆ. ಸ್ಪ್ರಿಂಗ್ ಪ್ಲೇಟಲ್ಲಿ ಅರ್ಧ ಪರ್ಸೆಂಟಿಗೂ ಮೇಲೆ. ಕೆಂಪಗೆ ಕಾದದ್ದು ಗಕ್ಕನೆ ತಣ್ಣಗಾದರೆ ಗಾಜಿನ ಹಾಗೆ ಪೆಡಸಾಗುತ್ತೆ. ಬೆಸುಗೆ ಪಕ್ಕದ ಒಂದೆರಡು ಎಂ.ಎಂ.ಗೆ ಆಗಿದ್ದು ಅದೇ. ನೀರು ಮುಟ್ಟಿಸದಿದ್ದರೂ ಸುತ್ತಲಿನ ತಣ್ಣನೆ ಲೋಹವೇ ಆ ಬಿಸಿ ಎಳೆದುಬಿಡುತ್ತೆ, ಅದಕ್ಕೇ ಮೊದಲೇ ಕಾಯಿಸಬೇಕು.

ನಿಮ್ಮೂರಲ್ಲಿ ಕರಟಕ್ಕೇನು ಬರ! ಕೆಂಡ ಮಾಡಿ ಪ್ಲೇಟು ಇಡಿ. ಒಂದು ಜಾಗ ಅರದಲ್ಲಿ ಉಜ್ಜಿ ಹೊಳಪು ಮಾಡಿರಿ. ಅದು ಒಣಹುಲ್ಲಿನ ಬಣ್ಣಕ್ಕೆ ಬಂದರೆ ಸುಮಾರು 230 ಡಿಗ್ರಿ, ನೀಲಿಯಾದರೆ 300ರ ಆಸುಪಾಸು. ಇವೆರಡರ ನಡುವೆ ವೆಲ್ಡ್ ಹೊಡೀಬೇಕು. ಮಾಮೂಲಿ 6013 ನಂಬರಿನ ವೆಲ್ಡಿಂಗ್ ರಾಡು ಬೇಡ, ಒಣಗಿಸಿದ 7018 ನಂಬರಿನದು ಬಳಸಿ. ಮುಗಿದ ಕೂಡಲೇ ಒಣ ಬೂದಿಯಲ್ಲಿ ಹೂತು ಬೆಳಗ್ಗೆ ತೆಗೀರಿ.

ನನ್ನ ಕೇಳಿದರೆ ವೆಲ್ಡಿಂಗೇ ಬೇಡ. ಕುಲುಮೆಯಲ್ಲಿ ಪ್ಲೇಟಿಗೆ ಉದ್ದ ಬಾಲ ಬಿಡಿಸಿ, ಪೈಪೊಳಗೆ ತೂರಿಸಿ ಎರಡು ಬೋಲ್ಟ್ ಹಾಕಿಸಿ. ತೂತಿನ ಜಾಗ ಮಾತ್ರ ಮೊದಲು ಕೆಂಪಗೆ ಕಾಯಿಸಿ ಬೂದಿಯಲ್ಲಿ ಆರಿಸಬೇಕು, ಇಲ್ಲದಿದ್ದರೆ ಡ್ರಿಲ್ಲಿನ ಮೊನೆ ಮೊಂಡಾಗುತ್ತೆ.

ಇನ್ನೊಬ್ಬರು (ಗುಬ್ಬಿ): ಸ್ಟೀಲಲ್ಲೇ ಮಾಡಿಸಿದರೆ? ತುಕ್ಕೂ ಇರಲ್ಲ.

ಉತ್ತರ: ಸ್ಟೇನ್‌ಲೆಸ್ ಸ್ಟೀಲಲ್ಲಿ 304 ದರ್ಜೆ ಅಂದರೆ 18% ಕ್ರೋಮಿಯಂ, 8% ನಿಕಲ್. ತುಕ್ಕು ಹಿಡಿಯಲ್ಲ, ಆದರೆ ಮೊನೆ ಬೇಗ ಮಡಚುತ್ತೆ, ದುಡ್ಡೂ ದಂಡ. ಗುಜರಿಯವನು ಇದು 304, ಮ್ಯಾಗ್ನೆಟ್ ಅಂಟಲ್ಲ ನೋಡಿ ಅಂತ ತೋರಿಸಿದರೆ ನಂಬಬೇಡಿ, ಅಗ್ಗದ 202 ದರ್ಜೆಗೂ ಅಂಟಲ್ಲ.

ಪ್ರಶ್ನೆ: ಇನ್ನೊಂದು ತುಂಡು ಇದೆ ಅಣ್ಣಾ. ಅದೂ ಸ್ಪ್ರಿಂಗ್ ಪ್ಲೇಟೇನಾ ಅಂತ ಹೇಗೆ ನೋಡೋದು?

ಉತ್ತರ: ಗ್ರೈಂಡರ್‌ಗೆ ಹಿಡೀರಿ, ಕನ್ನಡಕ ಹಾಕ್ಕೊಂಡು. ಎಂ.ಎಸ್. ಕಿಡಿ ಉದ್ದಕ್ಕೆ ಗೆರೆ ಗೆರೆಯಾಗಿ ಹೋಗುತ್ತೆ. ಸ್ಪ್ರಿಂಗ್ ಪ್ಲೇಟಿನದು ತುದಿಯಲ್ಲಿ ಸುರುಸುರುಬತ್ತಿ ಹಾಗೆ ಒಡೆಯುತ್ತೆ. ಬೀಡು ಕಬ್ಬಿಣದ್ದು (ಎರಕದ್ದು) ಗಿಡ್ಡ, ಕೆಂಪು. ಅಲ್ಯೂಮಿನಿಯಂ ಮಾತ್ರ ಆ ಕಲ್ಲಿಗೆ ಕೊಡಬೇಡಿ, ಮೆತ್ತಿಕೊಂಡು ಕಲ್ಲೇ ಸಿಡಿಯಬಹುದು.

ಪ್ರಶ್ನೆ: ಸರಿ ಅಣ್ಣಾ, ಭಾನುವಾರ ನೋಡಿ ಫೋಟೋ ಹಾಕ್ತೀನಿ.