ನಾಯಿಗೆ ಮನೆಯಲ್ಲೇ ಊಟ, ಬಿಸ್ಕತ್ತು: ಅನ್ನ-ಸಾರು ಬಿಟ್ಟು ಏನು ಹಾಕಬಹುದು?

ಹಿತ್ತಲ ಒಲೆ (ತಿಪಟೂರು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಕೆಂಚ ಅಂತ ಒಂದು ನಾಡುನಾಯಿ ಇದೆ. ಎರಡು ವರ್ಷ, 14 ಕೆಜಿ ತೂಕ. ಪ್ಯಾಕೆಟ್ ಆಹಾರವನ್ನು ಮೂಸಿ ನೋಡಿ ಬಿಟ್ಟುಬಿಡುತ್ತಾನೆ. ಉಂಡು ಮಿಕ್ಕಿದ ಅನ್ನ-ಸಾರು ಹಾಕುವುದು ಈ ಮನೆಯಲ್ಲಿ ಮೊದಲಿನಿಂದ ಬಂದ ರೂಢಿ. ಈಗೀಗ ಅವನ ಕೂದಲು ಉದುರುತ್ತಿದೆ, ಮೈಯಲ್ಲಿ ಹೊಳಪೇ ಇಲ್ಲ. ಡಾಕ್ಟರು ನೋಡಿ, ಚರ್ಮರೋಗ ಏನಿಲ್ಲ, ಊಟ ಬದಲಾಯಿಸಿ ಅಂದರು.

ಅತ್ತೆಯವರು ಅಡುಗೆಮನೆಯಲ್ಲಿ ಕೋಳಿ ಬೇಡ, ಹಿತ್ತಲ ಒಲೆಯಲ್ಲಿ ಬೇಕಾದರೆ ಬೇಯಿಸಿಕೋ ಅಂದಿದ್ದಾರೆ. ದಿನಕ್ಕೆ ಏನು, ಎಷ್ಟು ಹಾಕಲಿ? ರಾಗಿ ಕೊಡಬಹುದಾ? ಬಿಸ್ಕತ್ತು ಮನೆಯಲ್ಲೇ ಮಾಡೋಕಾಗುತ್ತಾ?

ಮೂರು ನಾಯಿ ಮನೆ (ಶಿವಮೊಗ್ಗ):

ಮನೆ ಊಟ ಖಂಡಿತ ಹಾಕಬಹುದು ಅಕ್ಕ. ಆದರೆ ಕೆಂಚನ ಪಾಲು ಉಪ್ಪು, ಹುಳಿ, ಒಗ್ಗರಣೆ ಬೀಳುವ ಮುಂಚೆಯೇ ಬೇರೆಯಾಗಬೇಕು. ಇದನ್ನು ಕೇಳಿದವರಿಗೆಲ್ಲ ಹೇಳುತ್ತೇನೆ. ನಮ್ಮ ಸಾರಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಅದು ಹೋಗಲ್ಲ, ಸಾರಿನ ಪುಡಿಯಲ್ಲಿದ್ದರೂ ಅಷ್ಟೇ. ತಿಂದ ದಿನವೇ ಗೊತ್ತಾಗುವುದೂ ಇಲ್ಲ. ಕೆಲವು ದಿನ ಕಳೆದ ಮೇಲೆ ಒಸಡು ಬಿಳಿಚಿಕೊಂಡು ನಾಯಿ ಸುಸ್ತಾಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿ ಕೆಡಿಸುತ್ತವೆ. ಅದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ ಪಶುವೈದ್ಯರ ಬಲವಾದ ಅನುಮಾನ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ತುಂಬಾ ಇದೆ. ಹಾಗಾಗಿ ಹುಳಿ ಸಾರು ಬೇಡವೇ ಬೇಡ, ದ್ರಾಕ್ಷಿ ಹಾಕಿದ ಪಾಯಸ, ಕೇಸರಿಬಾತೂ ಬೇಡ.

14 ಕೆಜಿಯ ನಾಯಿಗೆ ದಿನಕ್ಕೆ ಸುಮಾರು 800 ಕ್ಯಾಲೊರಿ ಸಾಕು. ಮೂಳೆ ತೆಗೆದ ಕೋಳಿ ಕಾಲು ಕೆಜಿ, ಅಕ್ಕಿ ಎರಡು ಹಿಡಿ (80 ಗ್ರಾಂ), ಸಿಹಿಗುಂಬಳ ಅಥವಾ ಕ್ಯಾರೆಟ್ ಒಂದು ಬಟ್ಟಲು, ಒಂದು ಬೆಂದ ಮೊಟ್ಟೆ. ಎಲ್ಲವನ್ನೂ ಮೆತ್ತಗೆ ಬೇಯಿಸಿ, ಎರಡು ಹೊತ್ತಿಗೆ ಹಂಚಿ. ಬೆಂದ ಮೂಳೆ ಮಾತ್ರ ಹಾಕಬೇಡಿ, ಚೂರು ಚೂರಾಗಿ ಕರುಳಿಗೆ ಚುಚ್ಚುತ್ತದೆ.

ಇಷ್ಟು ಹಾಕಿದರೂ ಕ್ಯಾಲ್ಸಿಯಂ ಸಾಲದು. ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನಿಂದ ಸಿಗದಿದ್ದರೆ ದೇಹ ಅದನ್ನು ನಾಯಿಯ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ನಾನು ಮೊಟ್ಟೆ ಚಿಪ್ಪು ಬಳಸುತ್ತೇನೆ. ಒಡೆದ ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಬಿಸಿಲಲ್ಲಿ ಗರಿಗರಿಯಾಗುವವರೆಗೆ ಒಣಗಿಸುತ್ತೇನೆ. ಆಮೇಲೆ ಮಿಕ್ಸಿಯ ಚಿಕ್ಕ ಜಾರ್‌ನಲ್ಲಿ ಹಾಕಿ ತಿರುಗಿಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯುವುದು. ಬೆರಳ ನಡುವೆ ಉಜ್ಜಿದರೆ ಟಾಲ್ಕಮ್ ಪೌಡರ್ ಹಾಗೆ ಜಾರಬೇಕು. ಒಂದು ಕಣ ತಡೆದರೂ ವಾಪಸ್ ಜಾರ್‌ಗೆ. ಕೆಂಚನಿಗೆ ದಿನಕ್ಕೆ ಅರ್ಧ ಟೀ ಚಮಚ ಸಾಕು, ಅದರಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ಕ್ಯಾಲ್ಸಿಯಂ ಬರುತ್ತದೆ. ಇದು ಬೆಳೆದ ನಾಯಿಗೆ ಹೇಳಿದ ಲೆಕ್ಕ. ಮರಿಗಳಿಗೆ ಹೀಗೆ ಅಂದಾಜಿನಲ್ಲಿ ಹಾಕಬಾರದು, ಅವಕ್ಕೆ ಕ್ಯಾಲ್ಸಿಯಂ ಹೆಚ್ಚಾದರೂ ಮೂಳೆ ಸೊಟ್ಟಗಾಗುತ್ತದೆ.

ಇನ್ನೊಂದು ಮಾತು. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಶುವೈದ್ಯರು ನಾಯಿಗೆ ಮಾಡುವ 200 ಮನೆ ಅಡುಗೆ ವಿಧಾನಗಳನ್ನು ಪರೀಕ್ಷಿಸಿದರು. ನೂರಕ್ಕೆ 95ರಲ್ಲಿ ಒಂದಲ್ಲ ಒಂದು ಪೋಷಕಾಂಶ ಕಡಿಮೆ ಇತ್ತು. ನಾನು ಹೇಳಿದ್ದರಲ್ಲೂ ಸತು (ಜಿಂಕ್), ಅಯೋಡಿನ್, ವಿಟಮಿನ್ ಇ ಕಮ್ಮಿಯೇ. ಸತು ಸಾಲದಿದ್ದರೂ ಕೂದಲು ಉದುರುತ್ತದೆ. ನಿಮ್ಮ ಡಾಕ್ಟರನ್ನು ಕೇಳಿ ಒಂದು ವಿಟಮಿನ್-ಮಿನರಲ್ ಪುಡಿ ಬರೆಸಿಕೊಳ್ಳಿ. ಇದನ್ನು ಬಿಡಬೇಡಿ ಅಕ್ಕ.

ಬೇಟೆನಾಯಿ (ಮುಧೋಳ):

ನಮ್ಮ ಕಡೆ ಜೋಳದ ರೊಟ್ಟಿ, ಹಾಲು ತಿಂದೇ ಮುಧೋಳ ನಾಯಿಗಳು ಬೆಳೆದಿವೆ. ಇಷ್ಟೆಲ್ಲ ಲೆಕ್ಕ ಬೇಕೇನ್ರಿ?

ಮೂರು ನಾಯಿ ಮನೆ (ಶಿವಮೊಗ್ಗ):

ರೊಟ್ಟಿ ನಾಯಿಗೆ ಒಗ್ಗುತ್ತದೆ ಸರ್, ನಿಜ. ಮನುಷ್ಯನ ಜೊತೆ ಬಾಳಿದ್ದಕ್ಕೆ ತೋಳಕ್ಕಿಂತ ನಾಯಿ ಪಿಷ್ಟವನ್ನು ಚೆನ್ನಾಗಿ ಅರಗಿಸುತ್ತದೆ. ಆದರೆ ಆಗ ನಿಮ್ಮ ನಾಯಿಗಳು ಮೊಲ ಅಟ್ಟಿಸಿಕೊಂಡು ಹೋಗುತ್ತಿದ್ದವಲ್ವಾ? ಮಾಂಸ ಹಾಗೆ ಸಿಗುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬೇಟೆಗೂ ತಡೆ ಬಿತ್ತು. ಈಗ ಬರೀ ರೊಟ್ಟಿ-ಹಾಲು ಅಂದರೆ ಅರ್ಧ ಊಟ ಹಾಕಿದ ಹಾಗೆ.

ಅಕ್ಕ, ರಾಗಿ ಬಗ್ಗೆ ಹೇಳುವುದು ಉಳಿಯಿತು. ಧಾರಾಳವಾಗಿ ಕೊಡಿ, ಒಂದು ಹೊತ್ತು ಅನ್ನದ ಬದಲು ಉಪ್ಪಿಲ್ಲದ ಮುದ್ದೆ ಆಗುತ್ತದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದ್ದರೂ ಎಲ್ಲವೂ ಮೈಗೆ ಹತ್ತುವುದಿಲ್ಲ. ಚಿಪ್ಪಿನ ಪುಡಿ ನಿಲ್ಲಿಸಬೇಡಿ.

ಬಿಸ್ಕತ್ತಿಗೂ ರಾಗಿಯೇ ಚೆಂದ. ಒಂದು ಲೋಟ ರಾಗಿಹಿಟ್ಟು, ಅರ್ಧ ಲೋಟ ಗೋಧಿಹಿಟ್ಟು, ಬೇಯಿಸಿ ಮಸೆದ ಸಿಹಿಗುಂಬಳ ಅರ್ಧ ಲೋಟ, ಒಂದು ಮೊಟ್ಟೆ. ಬೆಲ್ಲ, ಉಪ್ಪು ಬೇಡ. ಚಪಾತಿಗಿಂತ ಗಟ್ಟಿಯಾಗಿ ಕಲಸಿ, ದಪ್ಪಗೆ ಲಟ್ಟಿಸಿ, ಉಗುರಿನಷ್ಟು ಚಿಕ್ಕ ಚೌಕ ಕತ್ತರಿಸಿ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಎರಡೂ ಕಡೆ ಬೇಯಿಸಿ, ಆಮೇಲೆ ಮುಚ್ಚಳ ತೆಗೆದು ಒಣಗಿಸಿ. ಮುರಿದರೆ ಟಕ್ ಅನ್ನಬೇಕು. ಕುಂಬಳ ಇರುವುದರಿಂದ ಫ್ರಿಜ್‌ನಲ್ಲೇ ಇಡಿ. ತಿಂಡಿ ಎಷ್ಟೇ ಒಳ್ಳೆಯದಾದರೂ ದಿನದ ಊಟದ ಹತ್ತನೇ ಒಂದು ಪಾಲು ದಾಟಬಾರದು.

ಕಡಲಾಚೆ ಕನ್ನಡತಿ (ನ್ಯೂಜೆರ್ಸಿ):

ಬಿಸ್ಕತ್ತಿಗೆ ಪೀನಟ್ ಬಟರ್ ಸೇರಿಸುವವರು ಡಬ್ಬಿಯ ಚೀಟಿ ಓದಿ. ಸಕ್ಕರೆ ಇಲ್ಲದ್ದು ಅಂತ ಮಾರುವ ಕೆಲವದರಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಇರುತ್ತದೆ. ಇಲ್ಲಿ ಬರ್ಚ್ ಶುಗರ್ ಅಂತಲೂ ಬರೆದಿರುತ್ತಾರೆ. ಸ್ವಲ್ಪ ತಿಂದರೂ ನಾಯಿಯ ರಕ್ತದ ಸಕ್ಕರೆ ದಿಢೀರ್ ಇಳಿಯುತ್ತದೆ, ಲಿವರ್ ಕೂಡ ಕೆಡಬಹುದು.

ಹಿತ್ತಲ ಒಲೆ (ತಿಪಟೂರು):

ತುಂಬಾ ಉಪಕಾರವಾಯಿತು. ನಾಳೆಯಿಂದಲೇ ಪೂರ್ತಿ ಬದಲಾಯಿಸಲಾ?

ಮೂರು ನಾಯಿ ಮನೆ (ಶಿವಮೊಗ್ಗ):

ಒಂದೇ ಸಲ ಬೇಡ, ಭೇದಿ ಹಿಡಿಯುತ್ತದೆ. ಸಾರು ನಾಳೆಯೇ ನಿಲ್ಲಿಸಿ, ಬರೀ ಅನ್ನಕ್ಕೆ ಮೊಸರು ಕಲಸಿ. ಅದರಲ್ಲಿ ಕಾಲು ಭಾಗ ಹೊಸ ಊಟ ಬೆರೆಸಿ, ಎರಡು ದಿನಕ್ಕೊಮ್ಮೆ ಹೆಚ್ಚಿಸುತ್ತಾ ವಾರದಲ್ಲಿ ಪೂರ್ತಿ ಮಾಡಿ. ಮಲ ತೆಳ್ಳಗಾದರೆ ಹೆಚ್ಚಿಸುವುದನ್ನು ಎರಡು ದಿನ ತಡೆದು, ಕುಂಬಳ ಒಂದು ಚಮಚ ಜಾಸ್ತಿ ಹಾಕಿ. ತಿಂಗಳಿಗೊಮ್ಮೆ ತೂಕ ನೋಡಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಕೂದಲು ಸರಿಯಾಗೋಕೆ ಒಂದೆರಡು ತಿಂಗಳಾದರೂ ಬೇಕು.