ನಿಮ್ಮ ಮುಂದೆ 2,000 ಜನ

"ಯಾರೂ ಮುಟ್ಟಬೇಡಿ! ರಿಫ್ರೆಶ್ ಆದ್ರೆ ಸಾಲಿನ ಕೊನೆಗೆ ಹೋಗಿ ಬೀಳ್ತೀನಿ!" ಅಂತ ಶೀನ ಕಿರುಚಿದಾಗ ಗುರಪ್ಪನ ಕೈ ಲ್ಯಾಪ್‌ಟಾಪಿನ ಪಕ್ಕದ ಕೋಡುಬಳೆ ತಟ್ಟೆ ಕಡೆ ಹೊರಟಿತ್ತು, ಅಷ್ಟೆ.

"ನಾ ಕೋಡಬಳಿ ತಗೊಳ್ಳಾಕ ಹೊಂಟಿದ್ನೋ ಮಾರಾಯ. ನಿನ್ನ ಸಾಲು ತಗೊಂಡು ನಾ ಏನ್ ಮಾಡ್ಲಿ?"

ಚಂದ್ರಣ್ಣ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದರು. ಟಿಕೆಟ್ ಮಾರುವ ಸೈಟಿನ ಆನ್‌ಲೈನ್ ಸಾಲು: ಅಲ್ಲೊಂದು ನೀಲಿ ಗೆರೆ. ಗೆರೆ ಮೇಲೆ ಉಗುರಿನಷ್ಟು ದೊಡ್ಡ ಒಬ್ಬ ಮನುಷ್ಯ, ನಡೆಯುವ ಭಂಗಿಯಲ್ಲಿ, ಎತ್ತಿದ ಕಾಲು ಎತ್ತಿದಂತೆಯೇ ನಿಂತಿದ್ದ. ಕೆಳಗೆ: ನಿಮ್ಮ ಮುಂದೆ 2,000ಕ್ಕೂ ಹೆಚ್ಚು ಜನ ಇದ್ದಾರೆ.

"ಎಲ್ಲವ್ರೆ?" ಅಂದರು ಚಂದ್ರಣ್ಣ.

"ಯಾರು?"

"ಈ ಎರಡು ಸಾವ್ರ ಜನ. ಈಗಷ್ಟೇ ಕಿಟಕಿಲಿ ನೋಡ್ದೆ. ಬೀದೀಲಿ ಒಂದು ನಾಯಿನೂ ಇಲ್ಲ."

ಆವತ್ತು 2024ರ ಡಿಸೆಂಬರ್ 18, ಬುಧವಾರ. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ಊರಿಗೆ ಊರೇ ಟಿಕೆಟ್ ಜ್ವರದಲ್ಲಿ ಮಲಗಿತ್ತು. ಶನಿವಾರ ರಾತ್ರಿ ಎಂಟಕ್ಕೆ ನಮ್ಮೂರ ವಿಶ್ವವಿದ್ಯಾಲಯ ಓಹಾಯೊ ಸ್ಟೇಟಿಗೂ ಟೆನೆಸ್ಸಿ ವಿಶ್ವವಿದ್ಯಾಲಯಕ್ಕೂ ಕಾಲೇಜ್ ಫುಟ್‌ಬಾಲ್ ಪ್ಲೇಆಫಿನ, ಅಂದ್ರೆ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ಪಂದ್ಯಗಳ, ಮೊದಲ ಸುತ್ತು. ಯಾರ ಹತ್ತಿರವೋ ಉಳಿದ ಕೋಟಾ ಟಿಕೆಟ್ ವಾಪಸ್ ಬಂದಿದೆ, ಸಂಜೆ ಬಿಡ್ತಾರೆ ಅಂತ ವಾಟ್ಸಾಪಿನಲ್ಲಿ ಗಾಳಿ ಎದ್ದಿತ್ತು. ಶೀನ ಆ ಗಾಳಿ ಹಿಡ್ಕೊಂಡು, ತನ್ನ ಮನೆಯ ವೈಫೈ ನಂಬದೆ, ಚಂದ್ರಣ್ಣನವರ ಊಟದ ಮೇಜು ಆಕ್ರಮಿಸಿದ್ದ.

(ಕಾಲಲ್ಲಿ ಆಡದ ಆಟಕ್ಕೆ ಫುಟ್‌ಬಾಲ್ ಅಂತ ಯಾಕನ್ನಬೇಕು ಅನ್ನೋ ಹಳೇ ಜೋಕಿಗೆ ಆ ಮನೆಯಲ್ಲಿ ನಿಷೇಧವಿದೆ. ಎತ್ತಿದವರಿಗೆ ಕಾಫಿ ಇಲ್ಲ.)

"ಅಲ್ಲ ಶೀನ, ಮೂರು ವಾರದ ಹಿಂದೆ ಬದ್ಧವೈರಿ ಮಿಶಿಗನ್ ಕೈಲಿ ಸೋತು ಸುಣ್ಣ ಆಗಿದ್ರಲ್ಲ ಇವ್ರು? ನೀನು ಎರಡು ದಿನ ಊಟ ಬಿಟ್ಟಿದ್ದೆ," ಅಂದೆ ನಾನು.

"13-10," ಶೀನ ಹೆಸರು ಹೇಳಬಾರದ ರೋಗದ ಹೆಸರು ಹೇಳಿದ ಹಾಗೆ ಹೇಳಿದ. "ಆದ್ರೂ ಪ್ಲೇಆಫ್‌ಗೆ ಬಂದ್ವಿ. ಹೋದ ವರ್ಷದವರೆಗೂ ನಾಲ್ಕೇ ತಂಡ, ಈ ವರ್ಷದಿಂದ ಹನ್ನೆರಡು. ನಾವು ಎಂಟನೇ ನಂಬರು, ಟೆನೆಸ್ಸಿ ಒಂಬತ್ತು."

"ಯಾರು ಕೊಟ್ಟಿದ್ದು ನಂಬರು?"

"ಹದಿಮೂರು ಜನರ ಸಮಿತಿ ಇದೆ. ಟೆಕ್ಸಸ್‌ನಲ್ಲಿ ಒಂದು ಹೋಟ್ಲಲ್ಲಿ ಕೂತು ತೀರ್ಮಾನ ಮಾಡುತ್ತೆ."

"ಪಂಚಾಯ್ತಿ ಕಟ್ಟೆ ಅನ್ನು. ಸೋತೋರ್ಗೂ ಪಂಕ್ತೀಲಿ ಎಲೆ ಹಾಕವ್ರೆ. ಪರ್ವಾಗಿಲ್ಲ, ದೊಡ್ಡ ಮನ್ಸು," ಅಂದರು ಚಂದ್ರಣ್ಣ.

ಮಿಶಿಗನ್ ಹೆಸರೆತ್ತಿದರೆ ಚಂದ್ರಣ್ಣನವರಿಗೂ ಒಂದು ಗಾಯ ಇದೆ. ಆ ಮ್ಯಾಚಿನ ವಾರ ವಿಶ್ವವಿದ್ಯಾಲಯದ ಆವರಣದಲ್ಲಿ ಕಣ್ಣಿಗೆ ಬಿದ್ದ ಇಂಗ್ಲಿಷ್ ಎಂ ಅಕ್ಷರಕ್ಕೆಲ್ಲ ಕೆಂಪು ಟೇಪಿನಿಂದ ಕಾಟು ಹೊಡೀತಾರೆ. ಕಟ್ಟಡದ ಬೋರ್ಡೂ ಬಿಡೋದಿಲ್ಲ. "ವರ್ಸಕ್ಕೊಂದು ವಾರ ನಾನು ಅಂಡ್ಯದೋನು ಕಣ್ಲಾ. ಸರೋಜ ಐಸೂರಿನೋಳು," ಅಂತ ಅವರು ಇಪ್ಪತ್ತು ವರ್ಷದಿಂದ ಹೇಳ್ತಾ ಬಂದಿದ್ದಾರೆ. ನಾವೂ ಇಪ್ಪತ್ತು ವರ್ಷದಿಂದ ನಗ್ತಾ ಬಂದಿದ್ದೀವಿ.

"ಹೊಂಟಾನ, ಹೊಂಟಾನ!" ಗುರಪ್ಪ ಕೂಗಿದ. ಪರದೆಯ ಮನುಷ್ಯ ಒಂದು ಜೋಳದ ಕಾಳಿನಷ್ಟು ಮುಂದೆ ಹೋಗಿದ್ದ. ಕೆಳಗಿನ ಸಂಖ್ಯೆ ಮಾತ್ರ ಅಲ್ಲೇ ಇತ್ತು.

"ಒಂದು ಲಕ್ಷದ ಎರಡು ಸಾವಿರ ಚಿಲ್ಲರೆ ಸೀಟು ಅದಾವಲ್ರೀ ಆ ಸ್ಟೇಡಿಯಂದಾಗ," ಗುರಪ್ಪನಿಗೆ ಲೆಕ್ಕ ಅಂದ್ರೆ ಕೋಡುಬಳೆಗಿಂತ ಇಷ್ಟ. "1922ರಾಗ ಕಟ್ಯಾರ, ಕುದುರಿ ಲಾಳದ ಆಕಾರ. ಅಷ್ಟ್ ಸೀಟಿದ್ರೂ ನಿನಗ ಎರಡು ಸಿಗವಲ್ದೇನು?"

"ಮೊದಲು ಸೀಸನ್ ಟಿಕೆಟ್‌ನೋರು, ದೇಣಿಗೆ ಕೊಡೋರು, ಆಮೇಲೆ ವಿದ್ಯಾರ್ಥಿಗಳು. ಉಳಿದಿದ್ದು ನಮ್ಮಂಥೋರಿಗೆ. ಪ್ಲೇಆಫ್ ಮ್ಯಾಚು ಕಾಲೇಜಿನ ಸ್ವಂತ ಮೈದಾನದಲ್ಲಿ ಆಗ್ತಿರೋದು ಇದೇ ಮೊದಲ ವರ್ಷ. ಬಿಡ್ತಾರಾ?"

"ಬಿಟ್ಟವ್ರೆ. ಮರುಮಾರಾಟದ ಆಪ್‌ನಲ್ಲಿ ಬೇಕಾದಷ್ಟು ಬಿಟ್ಟವ್ರೆ," ಚಂದ್ರಣ್ಣ ಅಂದರು. "ನನ್ನ ಪಕ್ಕದ್ಮನೆಯೋನು ಮಿಶಿಗನ್ ಮೇಲಿನ ಸಿಟ್ಟಿಗೆ ನಾಲ್ಕೂ ಟಿಕೆಟ್ಟು ಮಾರಾಕ್ದ. ತಗೊಂಡೋನು ಟೆನೆಸ್ಸಿಯೋನಂತೆ. ಅವ್ರ ಬಣ್ಣ ಕಿತ್ತಲೆ. ಶನಿವಾರ ನೋಡು, ನಮ್ಮ ಮೈದಾನ ಕಿತ್ತಲೆ ತೋಟ ಆಗಿರ್ತದೆ."

ಶೀನ ಇನ್ನೊಂದು ಕಿಟಕಿ ತೆರೆದು ಆ ಆಪ್‌ನ ಬೆಲೆ ತೋರಿಸಿದ. ಇಬ್ಬರ ಟಿಕೆಟ್ಟಿಗೆ ನನ್ನ ಮನೆಯ ಕಂತು ಕಣ್ಮುಂದೆ ಬಂತು. ಮುಂದಕ್ಕೆ ಒತ್ತಿದರೆ ಸರ್ವಿಸ್ ಫೀ. ಇನ್ನೂ ಒತ್ತಿದರೆ ಪ್ರೊಸೆಸಿಂಗ್ ಫೀ. ಟಿಕೆಟ್ ಕಾಗದದ್ದೂ ಅಲ್ಲ. ಫೋನಿನಲ್ಲೇ ಬಂದು ಫೋನಿನಲ್ಲೇ ಹೋಗುವಂಥದ್ದು.

ಚಂದ್ರಣ್ಣ ಕುರ್ಚಿ ಎಳೆದುಕೊಂಡರು. ಅವರು ಕುರ್ಚಿ ಎಳೆದುಕೊಂಡರೆ ಇನ್ನರ್ಧ ಗಂಟೆ ಬೇರೆಯವರು ಬಾಯಿ ತೆರೆಯೋ ಹಾಗಿಲ್ಲ.

"ನಮ್ಮ ಮಂಡ್ಯದಲ್ಲಿ ಇದುಕ್ಕೆ ಬ್ಲಾಕು ಅಂತಿದ್ರು. ಟಾಕೀಸು ಮುಂದೆ ಒಬ್ಬ ಇರೋನು. ಬೀಡಿ ಕಚ್ಕೊಂಡು, ಆಕಾಶ ನೋಡ್ಕೊಂಡು, ತುಟಿ ಅಲ್ಲಾಡಿಸ್ದೆ 'ಎರಡ್ಕೈದು, ಎರಡ್ಕೈದು' ಅನ್ನೋನು. ಎರಡು ರೂಪಾಯಿ ಟಿಕೆಟ್ಟಿಗೆ ಐದು. ಐದು ಅಂದ್ರೆ ಐದೇ ಕಣ್ಲಾ! ದುಡ್ಡು ಕೊಟ್ಮೇಲೆ 'ಅಣ್ಣಾ, ಬೀಡಿ ಫೀ ಒಂದ್ರುಪಾಯಿ, ಆಕಾಶ ನೋಡಿದ್ದಕ್ಕೆ ಎಂಟಾಣೆ' ಅಂತ ಕೇಳ್ತಿರ್ಲಿಲ್ಲ. ಮರ್ಯಾದಸ್ಥ."

"ಪೊಲೀಸ್ರು?"

"ಪೊಲೀಸ್ ಕಂಡ್ರೆ ಓಡೋನು. ತಪ್ಪು ಮಾಡ್ತಿದೀನಿ ಅನ್ನೋ ಗ್ಯಾನ ಇತ್ತು. ಇದು ಓಡಲ್ಲ. ಇದುಕ್ಕೆ ಆಫೀಸೈತೆ, ಲೋಗೋ ಐತೆ, ಪಕ್ದಲ್ಲಿ ಹಸಿರು ಟಿಕ್ ಮಾರ್ಕ್ ಬೇರೆ. ನಮ್ಮ ಬೀಡಿಯೋನು ಮೂವತ್ತು ವರ್ಸ ಮುಂಚೆ ಹುಟ್ಬುಟ್ಟ, ಪಾಪ. ಈಗಾಗಿದ್ರೆ ಷೇರ್ ಮಾರ್ಕೆಟ್‌ನಲ್ಲಿರೋನು."

"ನಿನ್ನಿನs ಒಂದು ನಿಯಮಾ ಬಂದೈತ್ರೀ," ಗುರಪ್ಪ ಬಾಯಲ್ಲಿದ್ದದ್ದು ನುಂಗಿ ಹೇಳಿದ. "ಗ್ರಾಹಕರನ್ನ ಕಾಯೋ ಸರ್ಕಾರಿ ಸಂಸ್ಥೆ, ಫೆಡರಲ್ ಟ್ರೇಡ್ ಕಮಿಷನ್‌ನವ್ರು ಮಾಡ್ಯಾರ. ಆಟ, ಸಂಗೀತ, ಹೋಟೆಲ್ ರೂಮು, ಇವಕ್ಕೆಲ್ಲಾ ಫೀ ಕೂಡಿಸೇ ಮೊದಲ ರೇಟ್ ಹೇಳಬೇಕಂತ. ಜಾರಿಗೆ ಬರಾಕ ಇನ್ನೂ ನಾಕು ತಿಂಗಳು."

"ಫೀ ತಗೋಬ್ಯಾಡಿ ಅಂದವ್ರಾ?"

"ಇಲ್ರೀ. ತೋರಿಸಿ ತಗೋರಿ ಅಂದಾರ."

"ಅಂದ್ರೆ ಜೇಬಿಗೆ ಕೈ ಹಾಕೋಕ್ಮುಂಚೆ ಕೈ ತೋರಿಸ್ಬೇಕು. ಒಳ್ಳೇ ಕಾನೂನು."

"ಕಂಪ್ಯೂಟರ್ ಪ್ರೋಗ್ರಾಂ ಬಿಟ್ಟು ಟಿಕೆಟ್ ಬಾಚೋದರ ವಿರುದ್ಧವೂ 2016ರಲ್ಲೇ ಕಾನೂನು ಬಂದಿದೆ," ಅಂತ ನಾನೂ ಒಂದು ಸೇರಿಸಿದೆ.

"ಹಂಗಾರೆ ಈ ಎರಡು ಸಾವ್ರದಲ್ಲಿ ಜನ ಎಷ್ಟು, ಭೂತ ಎಷ್ಟು? ಶೀನ, ಕೇಳ್ನೋಡ್ಲಾ, ನಿನ್ನ ಮುಂದಿರೋನಿಗೆ ಕಾಲು ಹಿಂದ್ಮುಂದಾಗಿ ಐತಾ ಅಂತ."

ಶೀನನಿಗೆ ರೇಗಿತು. "ಚಂದ್ರಣ್ಣ, ನಿಮಗೆ ಇದರ ಬೆಲೆ ಗೊತ್ತಿಲ್ಲ. ಇದು 'ದ' ಓಹಾಯೊ ಸ್ಟೇಟ್!"

"ಗೊತ್ತು ಬುಡಪ್ಪ. ಬಟ್ಟೆ ಮೇಲೆ 'ದ' ಅಂತ ಹಾಕೋಕೆ 2022ರಲ್ಲಿ ಟ್ರೇಡ್‌ಮಾರ್ಕ್ ತಗೊಂಡ್ರಲ್ಲ. ಇಂಗ್ಲಿಷಲ್ಲಿ ಮೂರಕ್ಷರ. ನಾವು 'ಕಣ್ಲಾ'ಗೆ ಟ್ರೇಡ್‌ಮಾರ್ಕ್ ತಗೊಂಡಿದ್ರೆ ಮಂಡ್ಯದೋರು ಕಬ್ಬು ಬೆಳೀಬೇಕಾಗಿರ್ಲಿಲ್ಲ."

ಮಾತು ಅಲ್ಲಿಂದ ಕಬ್ಬಿನ ಬಾಕಿಗೆ ಹೋಗಿ, ಬೆಲ್ಲಕ್ಕೆ ಬಂದು, ಆಟಗಾರರ ಸಂಪಾದನೆಗೆ ತಿರುಗಿತು. ಈ ಸಲದ ತಂಡಕ್ಕೆ ಹತ್ತಿರ ಹತ್ತಿರ 2 ಕೋಟಿ ಡಾಲರ್ ಖರ್ಚಾಗಿದೆ ಅಂತ ಗುರಪ್ಪ. ತಾನು ಕಾಲೇಜು ಪರವಾಗಿ ಕಬಡ್ಡಿ ಆಡಿದಾಗ ಎರಡು ಬಾಳೆಹಣ್ಣು ಕೊಟ್ಟು ಒಂದಕ್ಕೆ ಸಹಿ ಹಾಕಿಸಿಕೊಂಡಿದ್ದರು ಅಂತ ಚಂದ್ರಣ್ಣ. ಮೈದಾನಕ್ಕೆ ಒಯ್ಯುವ ಚೀಲ ಪಾರದರ್ಶಕವಾಗಿರಬೇಕು, 12 ಇಂಚು ಉದ್ದ, 6 ಅಗಲ, 12 ಎತ್ತರ ಮೀರಬಾರದು ಅಂತ ಶೀನ ಓದಿದ. "ನಮ್ಮೂರ ಟೆಂಡರಿಗೆ ಇಷ್ಟು ಪಾರದರ್ಶಕತೆ ಇದ್ದಿದ್ರೆ ರಸ್ತೆ ಆಗೋಗಿರೋದು," ಅಂದರು ಚಂದ್ರಣ್ಣ.

ಮನುಷ್ಯ ಮತ್ತೆ ನಿಂತುಬಿಟ್ಟ.

"ನಿಜ ಹೇಳ್ಲಾ," ಶೀನ ಪರದೆಯಿಂದ ಕಣ್ಣು ತೆಗೆಯದೆ ಅಂದ. "ನನಗೂ ಆ ಆಟ ಪೂರ್ತಿ ಅರ್ಥ ಆಗಲ್ಲ. ನಾಲ್ಕು ಸಲದಲ್ಲಿ ಹತ್ತು ಗಜ ಹೋಗಬೇಕು, ಅಷ್ಟು ಗೊತ್ತು. ಮಗ ಮನೇಲಿ ಮಾತಾಡೋದು ದಿನಕ್ಕೆ ಮೂರು: ಫೈನ್, ಐ ಡೋಂಟ್ ನೋ, ವೈಫೈ ಹೋಯ್ತು. ಅಕ್ಟೋಬರ್‌ನಲ್ಲಿ ಯಾರೋ ಒಂದು ಮ್ಯಾಚಿಗೆ ಟಿಕೆಟ್ ಕೊಟ್ರು ಅಂತ ಕರ್ಕೊಂಡು ಹೋಗಿದ್ದೆ. ಅಲ್ಲಿ ಓಹಾಯೊ ಸ್ಪೆಲ್ಲಿಂಗಿನ ಮೊದಲರ್ಧ 'ಓ-ಎಚ್' ಅಂತ ಒಬ್ಬರು ಕೂಗಿದ್ರೆ ಇನ್ನೊಬ್ಬರು 'ಐ-ಓ' ಅನ್ನಬೇಕಲ್ಲ? ಇವನು ನನ್ನ ಕಡೆ ತಿರುಗಿ, ನನ್ನ ಮುಖ ನೋಡಿ ಕೂಗಿದ. ನಾನು 'ಐ-ಓ' ಅಂದೆ. ಮತ್ತೆ ಕೂಗಿದ. ಅವನು ನನ್ನ ಮುಖ ನೋಡಿ ಎಷ್ಟು ದಿನ ಆಗಿತ್ತೋ."

ಕೋಡುಬಳೆ ಕಡಿಯುತ್ತಿದ್ದ ಗುರಪ್ಪ ಸದ್ದಾಗದ ಹಾಗೆ ಅಗಿದ.

ಚಂದ್ರಣ್ಣ ಎಡಗೈ ತೋಳು ಮೇಲೆತ್ತಿ ಮಣಿಕಟ್ಟು ತೋರಿಸಿದರು. ಬಿಳಿ ದಾರದಂಥ ಒಂದು ಗೆರೆ. "ಇದು ಟಾಕೀಸಿನ ಗಾಂಧಿ ಕ್ಲಾಸ್ ಟಿಕೆಟ್ ಕಿಂಡಿದು. ತಗಡಿನ ಅಂಚು. ಒಂದು ಕೈ ಹಿಡಿಯೋ ಕಿಂಡೀಲಿ ಐದು ಕೈ ತೂರೋವು. ಒಳಗೆ ಟಿಕೆಟ್ ಸಿಕ್ಮೇಲೆ ಮುಷ್ಟಿ ಆಚೆ ಬರ್ತಿರ್ಲಿಲ್ಲ. ಮುಷ್ಟಿ ಬಿಟ್ರೆ ಟಿಕೆಟ್ ಹೋಯ್ತು. ಹಿಂದೆ ಇದ್ದೋನು, ಯಾವೂರೋನೋ ಏನೋ, ಸೊಂಟ ಹಿಡಿದು ಎಳೆಯೋನು. ಆಚೆ ಬಂದಾಗ ಟಿಕೆಟ್ಟು ಬೆವರಿಗೆ ಹಪ್ಪಳದ ಹಿಟ್ಟಾಗಿರೋದು. ಎಳೆದೋನ್ಗೆ ಒಳಗೆ ಪಕ್ದಲ್ಲೇ ಜಾಗ ಇಡ್ತಿದ್ದೊ. ನಿನ್ನ ಎರಡು ಸಾವ್ರದಲ್ಲಿ ಸೊಂಟ ಹಿಡಿಯೋಕೆ ಒಬ್ಬ ಇಲ್ವಲ್ಲೋ ಶೀನ."

"ನೀವು ಗಂಡಸರು ಸುಮ್ನೆ ಕಿತ್ತಾಡೋದು," ಅಡುಗೆಮನೆಯಿಂದ ಸರೋಜಕ್ಕನ ದನಿ. "ಮೈಸೂರಲ್ಲಿ ಹೆಂಗಸರ ಸಾಲು ಬೇರೆ ಇತ್ತು. ಹತ್ತು ಜನ ಇದ್ರೆ ಹೆಚ್ಚು. ಕಾಲೇಜು ಹುಡುಗರೆಲ್ಲ ಬೇಲಿ ಆಚೆ ನಿಂತು ದುಡ್ಡು ಚಾಚ್ಕೊಂಡು 'ಅಕ್ಕಾ, ನನಗೂ ಒಂದು ತಗೊಡಿ ಅಕ್ಕಾ' ಅನ್ನೋರು. ಎಷ್ಟು ಜನಕ್ಕೆ ತೆಗೆದುಕೊಟ್ಟಿದೀನೋ ಲೆಕ್ಕ ಇಲ್ಲ."

"ನಂಗೂ ಕೊಟ್ಟಿದ್ಲು," ಚಂದ್ರಣ್ಣ ನಮ್ಮ ಕಡೆ ಬಗ್ಗಿ ಹೇಳಿದರು. "ಎಂಟಾಣೆ ಚಿಲ್ಲರೆ ವಾಪಸ್ ಬರ್ಲಿಲ್ಲ."

"ಸುಳ್ಳು! ಇವರು ಮೈಸೂರಿಗೆ ಬಂದಿದ್ದೇ ಆಮೇಲೆ. ಮದುವೆಗೆ ಮುಂಚೆ ಇವರ ಮುಖ ನೋಡಿಲ್ಲ ನಾನು."

"ನೀನು ನೋಡಿಲ್ಲ. ದುಡ್ಡು ಮಾತ್ರ ನೋಡ್ದೆ. ಎಂಟಾಣೆ ಸರ್ವಿಸ್ ಫೀ ಅಂತ ಇಟ್ಕೊಂಡೆ."

ಇದರಲ್ಲಿ ಯಾರದು ನಿಜ ಅಂತ ಇವತ್ತಿಗೂ ನಮಗೆ ತಿಳಿದಿಲ್ಲ. ಇಬ್ಬರೂ ಒಂದೇ ಸಲ ನಕ್ಕಿದ್ದು ಮಾತ್ರ ಕೇಳಿಸಿತು, ಒಂದು ನಗು ಇಲ್ಲಿಂದ, ಒಂದು ಒಲೆ ಹತ್ತಿರದಿಂದ.

ಸ್ವಲ್ಪ ಹೊತ್ತಿಗೆ ಸರೋಜಕ್ಕ ಹೊರಗೆ ಬಂದರು. ಬಲಗೈಯಲ್ಲಿ ಸೌಟು, ಎಡಗೈಯಲ್ಲಿ ಫೋನು.

"ಶೀನಾ, ಸಿ ಡೆಕ್ ಅಂದ್ರೆ ತುಂಬಾ ಮೇಲಾ?"

"ಮೇಲೆ... ಯಾಕಕ್ಕಾ?"

"ನೀನು ಗ್ರೂಪಿಗೆ ಲಿಂಕ್ ಹಾಕಿದ್ಯಲ್ಲ, ಒಗ್ಗರಣೆ ಹಾಕ್ತಾ ಸುಮ್ನೆ ಒತ್ತಿದೆ. ಒಳಗೆ ಬಿಟ್ಟುಬಿಟ್ರು. ಎರಡು ಸೀಟು ತೋರಿಸ್ತಿದೆ. ಏನೋ ಗಡಿಯಾರ ಬೇರೆ ಓಡ್ತಿದೆಯಪ್ಪ, ಐದು ನಿಮಿಷ ನಲವತ್ತು, ಮೂವತ್ತೊಂಬತ್ತು..."

ಕುರ್ಚಿ ಬಿದ್ದ ಸದ್ದು. ಶೀನ ಕ್ರೆಡಿಟ್ ಕಾರ್ಡು ಎರಡೂ ಕೈಯಲ್ಲಿ ಚಾಚಿ, ತಾನು ಏನು ಹೇಳ್ತಿದೀನಿ ಅನ್ನೋ ಪರಿವೆಯಿಲ್ಲದೆ, "ಅಕ್ಕಾ, ನನಗೆ ತಗೊಡಿ ಅಕ್ಕಾ!" ಅಂದ.

"ಚಿಲ್ಲರೆ ಸರ್ಯಾಗಿ ಕೊಡ್ಲಾ," ಚಂದ್ರಣ್ಣ ಎಚ್ಚರಿಸಿದರು. "ವಾಪಸ್ ಬರಲ್ಲ."

ಲ್ಯಾಪ್‌ಟಾಪಿನ ಮನುಷ್ಯನ ಮುಂದೆ ಇನ್ನೂ 2,000ಕ್ಕೂ ಹೆಚ್ಚು ಜನ ಇದ್ದರು. ಗುರಪ್ಪ ಈಗ ನಿರ್ಭಯವಾಗಿ ತಟ್ಟೆ ಎಳೆದುಕೊಂಡ.

ಶನಿವಾರ ಕೊರೆಯುವ ಚಳಿಯಲ್ಲಿ ಓಹಾಯೊ ಸ್ಟೇಟ್ 42, ಟೆನೆಸ್ಸಿ 17. ಶೀನನ ಗಂಟಲು ಸೋಮವಾರವೂ ಬಂದಿರಲಿಲ್ಲ. ಮಗ ಏನಂದ ಅಂತ ಕೇಳಿದ್ದಕ್ಕೆ ಗ್ರೂಪಿನಲ್ಲಿ ಬರೆದ: "ಮ್ಯಾಚು ಮುಗಿಯೋವರೆಗೂ ಮಾತಾಡಿದ. ಎರಡೇ ಅಕ್ಷರ."