ಅಪ್‌ಡೇಟ್: ಡಸ್ಟರ್‌ಗೆ ಟೈಮಿಂಗ್ ಬೆಲ್ಟ್ ಹಾಕಿಸಿದೆ

ಸೆಕೆಂಡ್ ಹ್ಯಾಂಡ್ 2014ರ ಡೀಸೆಲ್ ರೆನೋ ಡಸ್ಟರ್ ಕಾರು, ಓಡಿದ್ದು ಕಮ್ಮಿ, ಟೈಮಿಂಗ್ ಬೆಲ್ಟ್ (ಇಂಜಿನ್‌ನ ಪಿಸ್ಟನ್, ವಾಲ್ವ್‌ಗಳನ್ನ ಒಂದೇ ತಾಳದಲ್ಲಿ ಇಡೋ ಹಲ್ಲಿನ ರಬ್ಬರ್ ಪಟ್ಟಿ) ಬದಲಿಸಿದ ಬಿಲ್ ಮಾತ್ರ ಇಲ್ಲ, ಈಗಲೇ ಹಾಕಿಸಬೇಕಾ ಅಂತ ಕೇಳಿದ್ದೆ. ಹಾಕಿಸಿದೆ.

"ಕಿಲೋಮೀಟರ್ ಆಗಿಲ್ಲ, ಸುಮ್ನೆ ಯಾಕೆ ದುಡ್ಡು" ಅಂದವರಿಗೆ: ಬೆಲ್ಟ್‌ಗೆ ವರ್ಷದ ಲೆಕ್ಕವೂ ಇದೆ, ಯಾವುದು ಮೊದಲು ಬರುತ್ತೋ ಅದು. ನಿಂತ ಗಾಡಿಯಲ್ಲೂ ರಬ್ಬರ್ ಹಳತಾಗುತ್ತೆ. ಹುಬ್ಬಳ್ಳಿ ಗೋಕುಲ ರೋಡ್ ಕಡೆಯ ಮಿಸ್ತ್ರಿ ಮೇಲಿನ ಕವರ್ ಬಿಚ್ಚಿ ಟಾರ್ಚ್ ಹಿಡಿದರು. ನೋಡೋಕೆ ಚೆನ್ನಾಗೇ ಇತ್ತು. ಹೊರಗೆ ತೆಗೆದು ಹಿಂದಕ್ಕೆ ಬಗ್ಗಿಸಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಸೀಳು, ಒಂದು ಅಂಚಿಗೆ ಆಯಿಲ್ ಜಿಡ್ಡು. "ಇದು ಮೊದಲೇ ಹೇಳಿ ಹರಿಯೂದಿಲ್ರೀ ಸರ್" ಅಂದರು. ಹರಿದರೆ ಈ ಇಂಜಿನ್‌ನಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತೆ. ಆಮೇಲೆ ಹೆಡ್ (ಇಂಜಿನ್‌ನ ಮೇಲ್ಭಾಗ) ಬಿಚ್ಚಲೇಬೇಕು.

ಬೆಲ್ಟ್ ಬಿಗಿ ಹಿಡಿಯೋ ಟೆನ್ಷನರ್, ಬೆಲ್ಟ್‌ಗೆ ದಾರಿ ತೋರಿಸೋ ಐಡ್ಲರ್ ರಾಟೆ, ವಾಟರ್ ಪಂಪ್, ಜಿಡ್ಡು ಬಿಡ್ತಿದ್ದ ಸೀಲ್ ಎಲ್ಲ ಹೊಸದು. ಪಂಪ್ ತಿರುಗೋದೂ ಇದೇ ಬೆಲ್ಟ್‌ನಿಂದ. ನಾಳೆ ಅದೊಂದು ಲೀಕ್ ಆದರೂ ಮತ್ತೆ ಅಷ್ಟೂ ಬಿಚ್ಚೋ ಕೂಲಿ ಕೊಡಬೇಕಲ್ವಾ? ಬಿಲ್ ಮೇಲೆ ತಾರೀಖು, ಕಿಲೋಮೀಟರ್ ಎರಡೂ ಬರೆಸಿಕೊಂಡೆ.

ಇದನ್ನ ಕೇಳಿ ನಮ್ಮ ಮಾವ ತಮ್ಮ ಡೀಸೆಲ್ ಸ್ವಿಫ್ಟ್‌ಗೂ ಬೆಲ್ಟ್ ಹಾಕಿಸೋಕೆ ಹೊರಟಿದ್ದರು. ಅದರಲ್ಲಿರೋದು ಚೈನ್ ರೀ ಮಾವಾ!